ಪ್ರಾಮಾಣಿಕತೆಗೆ ಬಿ ಗ್ರೇಡ್ ಹಾಕಿದೆ, ಮಾರನೇ ದಿನ ಹುಡುಗನ ಅಪ್ಪ ಶಾಲೆಗೆ ಬಂದ್ರು

ಪ್ರಶ್ನೆ: (ಜಗಳೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ ಕಳ್ಸಿದ್ದು. ಹೆಸರು ಬೇಡ ಅಂದಿದಾರೆ, ಪತ್ರನ ಸ್ವಲ್ಪ ಚಿಕ್ಕದು ಮಾಡಿದೀನಿ.)

“ಸರ್, ನಾನು ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ತಗೊಳ್ತೀನಿ, ಕ್ಲಾಸ್ ಟೀಚರೂ ನಾನೇ. 42 ಮಕ್ಕಳು. ಮೌಲ್ಯಮಾಪನದ ಭಾಗ-ಬಿ (ಪಾಠದ ಅಂಕ ಬಿಟ್ಟು ಉಳಿದದ್ದಕ್ಕೆ ಇರೋ ಭಾಗ) ಯಲ್ಲಿ ಮನೋಭಾವ, ಮೌಲ್ಯ ಅಂತ ಗ್ರೇಡ್ ಹಾಕೋದು ಇದೆಯಲ್ಲ, ಎಲ್ರೂ ಎಲ್ಲಾ ಮಕ್ಕಳಿಗೂ ಎ ಎಳೆದು ಕೈ ತೊಳ್ಕೋತಾರೆ. ಈ ಸಲ ನಿಜವಾಗ್ಲೂ ನೋಡಿ ಹಾಕೋಣ ಅಂತ ಕೂತೆ. ಒಬ್ಬ ಹುಡುಗ ಎರಡನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಗಣಿತ ಟೆಸ್ಟಲ್ಲಿ ಪಕ್ಕದವನದ್ದು ನೋಡಿ ಬರೆದಿದ್ದ, ಅವನಿಗೆ ಪ್ರಾಮಾಣಿಕತೆಗೆ ಬಿ ಹಾಕಿದೆ. ಮಾರನೇ ದಿನ ಅವರಪ್ಪ ಬಂದು ಸ್ಟಾಫ್ ರೂಮಲ್ಲಿ ಎಲ್ರ ಮುಂದೆ ‘ನನ್ ಮಗ ಕಳ್ಳ ಏನ್ರಿ ಮೇಡಂ?’ ಅಂದ್ರು. ನಂಗೆ ಬಾಯೇ ಬರ್ಲಿಲ್ಲ. ಇನ್ನೊಂದು, ‘ನೀರನ್ನು ಮಿತವಾಗಿ ಬಳಸಬೇಕು’ ಅಂತೆಲ್ಲ ಹತ್ತು ವಾಕ್ಯದ ಪ್ರಶ್ನಾವಳಿ ಕೊಟ್ಟೆ, 42ಕ್ಕೆ 42 ಮಕ್ಕಳೂ ‘ಪೂರ್ಣ ಒಪ್ಪುತ್ತೇನೆ’ ಟಿಕ್ ಮಾಡಿದ್ರು. ಅವತ್ತೇ ಬಿಸಿಯೂಟ ಆದ್ಮೇಲೆ ನೋಡಿದ್ರೆ ಮೂರು ನಲ್ಲಿ ಸುರೀತಾ ಇತ್ತು. ಮೌಲ್ಯ ಅಳೆಯೋಕೆ ಆಗುತ್ತಾ ಸರ್? ನಾನೂ ಎಲ್ರಿಗೂ ಎ ಹಾಕಿ ಸುಮ್ನಿದ್ಬಿಡ್ಲಾ? ಆ ಹುಡುಗನ ಗ್ರೇಡ್ ತಿದ್ದೋದಾ ಬಿಡೋದಾ?”

ಉತ್ತರ:

ಮೇಡಂ, ಮೊದಲು ಕೊನೇ ಪ್ರಶ್ನೆಗೇ ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಅದು ನಿಮ್ಮನ್ನ ರಾತ್ರಿ ನಿದ್ದೆ ಮಾಡೋಕೆ ಬಿಟ್ಟಿರಲ್ಲ. ಆ ಬಿ ತಿದ್ದಿ. ಅವರಪ್ಪ ಕೂಗಾಡಿದ್ರು ಅಂತಲ್ಲ, ಅವರು ಬರದೇ ಇದ್ದಿದ್ರೂ ತಿದ್ಲೇಬೇಕಿತ್ತು. ನೀವು ನೋಡಿದ್ದು ಒಂದು ಟೆಸ್ಟು, ಒಂದು ಮಧ್ಯಾಹ್ನ, ಒಂದು ಲೆಕ್ಕ. ಬರೆದಿದ್ದು ಮಾತ್ರ ಹುಡುಗನ ಇಡೀ ಗುಣದ ಬಗ್ಗೆ. ಸಾಕ್ಷಿ ಒಂದು ಹಿಡಿ, ತೀರ್ಪು ಒಂದು ಮೂಟೆ.

ಆದ್ರೆ ‘ನಿಜವಾಗ್ಲೂ ನೋಡಿ ಹಾಕೋಣ’ ಅಂತ ಕೂತ್ರಲ್ಲ, ಅದನ್ನ ಬಿಡ್ಬೇಡಿ. ನಾನು ದಾವಣಗೆರೆ ಸುತ್ತಮುತ್ತ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಟ್ಟು, ಆಮೇಲೆ ಬಿಎಡ್ ಮಕ್ಕಳಿಗೆ ಮೌಲ್ಯಮಾಪನದ ಪೇಪರ್ ಹೇಳ್ಕೊಟ್ಟು ರಿಟೈರ್ ಆದವನು. ಭಾಗ-ಬಿ ರಿಜಿಸ್ಟರ್ ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಮಾರ್ಚ್ ತಿಂಗಳು ಒಂದೇ ಪೆನ್ನಲ್ಲಿ ಒಂದೇ ಕೂತಲ್ಲಿ ಮೇಲಿಂದ ಕೆಳಗೆ ಎ ಎ ಎ ಅಂತ ಎಳ್ದಿರೋದು. ಅದ್ರಲ್ಲಿ ಒಂದು ಬಿ ಕಂಡ್ರೆ ನಂಗೆ ಖುಷಿನೇ ಆಗ್ತಿತ್ತು, ಯಾರೋ ಒಬ್ರಾದ್ರೂ ಯೋಚ್ನೆ ಮಾಡಿದಾರಲ್ಲ ಅಂತ.

ಈಗ ಪ್ರಾಮಾಣಿಕತೆ ವಿಷ್ಯ. ನಾವೆಲ್ಲ ಮನಸ್ಸಲ್ಲಿ ಇಟ್ಕೊಂಡಿರೋ ಒಂದು ನಂಬಿಕೆ ಏನಂದ್ರೆ ಮಕ್ಕಳಲ್ಲಿ ಎರಡು ಜಾತಿ, ಪ್ರಾಮಾಣಿಕರು ಮತ್ತು ಅಲ್ಲದವ್ರು, ಥರ್ಮಾಮೀಟರ್ ಥರ ಏನಾದ್ರೂ ಇಟ್ರೆ ಯಾರು ಯಾರು ಅಂತ ಗೊತ್ತಾಗ್ಬಿಡುತ್ತೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕಾದಲ್ಲಿ ಹಾರ್ಟ್‌ಶಾರ್ನ್, ಮೇ ಅಂತ ಇಬ್ರು ಇದನ್ನೇ ಪರೀಕ್ಷೆ ಮಾಡೋಕೆ ಹೊರಟ್ರು, 1928ರಲ್ಲಿ ಮೊದಲ ವರದಿ ಬಂತು. ಹತ್ತಿರ ಹತ್ತಿರ 11,000 ಮಕ್ಕಳು. ಟೆಸ್ಟಲ್ಲಿ ಕಾಪಿ ಹೊಡಿಯೋ ಅವಕಾಶ, ಆಟದಲ್ಲಿ ಮೋಸ ಮಾಡೋ ಅವಕಾಶ, ದುಡ್ಡು ಜೇಬಿಗೆ ಹಾಕ್ಕೊಳ್ಳೋ ಅವಕಾಶ, ಸುಳ್ಳು ಹೇಳೋ ಅವಕಾಶ, ಎಲ್ಲಾ ಬೇರೆ ಬೇರೆ ಇಟ್ಟು ನೋಡಿದ್ರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಚಿನ್ನದಂಥ ಮಗು, ಒಂದನ್ನ ನೋಡಿ ಇನ್ನೊಂದನ್ನ ಹೇಳೋಕೆ ಹೆಚ್ಚುಕಮ್ಮಿ ಆಗ್ಲೇ ಇಲ್ಲ. ಸಂದರ್ಭ ಬದಲಾದ್ರೆ ನಡತೆ ಬದಲಾಗುತ್ತೆ. ನಿಮ್ಮ ಹುಡುಗ ಬಿದ್ದ ಹತ್ತು ರೂಪಾಯಿ ಸಿಕ್ರೆ ತಂದು ಟೇಬಲ್ ಮೇಲೆ ಇಡೋನೇ ಇರಬಹುದು, ನೀವು ನೋಡಿಲ್ಲ ಅಷ್ಟೇ.

ಇನ್ನೊಂದು ಅಪಾಯ ನಮ್ಮೊಳಗೇ ಕೂತಿದೆ. ಬಿಎಡ್ ಕ್ಲಾಸಲ್ಲಿ ಪ್ರತಿ ವರ್ಷ ಒಂದು ಕಿತಾಪತಿ ಮಾಡ್ತಿದ್ದೆ. ಪ್ರಾಕ್ಟೀಸ್ ಟೀಚಿಂಗಿಗೆ ಹೋದ ಶಾಲೆಯ ಮಕ್ಕಳಿಗೆ ಪ್ರಾಮಾಣಿಕತೆ, ಸಹಕಾರ, ಹೊಣೆಗಾರಿಕೆ ಮೂರಕ್ಕೂ ಗ್ರೇಡ್ ಹಾಕ್ಕೊಂಡು ಬನ್ನಿ ಅಂತಿದ್ದೆ. ಎರಡು ವಾರ ಬಿಟ್ಟು, ಏನೂ ಹೇಳ್ದೆ, ಅದೇ ಮಕ್ಕಳ ಕೈಬರಹಕ್ಕೆ ಗ್ರೇಡ್ ಹಾಕಿಸ್ತಿದ್ದೆ. ಆಮೇಲೆ ಎರಡೂ ಪಟ್ಟಿ ಅಕ್ಕಪಕ್ಕ ಇಡಿ ಅಂದ್ರೆ ಕ್ಲಾಸಲ್ಲಿ ಪಿನ್ ಬಿದ್ರೂ ಕೇಳ್ಸೋದು. ದುಂಡಗೆ ಬರೆಯೋ ಮಕ್ಕಳೆಲ್ಲ ಪ್ರಾಮಾಣಿಕರು! ಕಾಗೆ ಕಾಲು ಅಕ್ಷರದವ್ರೆಲ್ಲ ಬಿ. ಯೂನಿಫಾರಂ ಇಸ್ತ್ರಿ ಇದ್ರೆ ಸಹಕಾರ ಮನೋಭಾವಕ್ಕೆ ಎ, ಮಂಡಕ್ಕಿ ಭಟ್ಟಿ ಓಣಿಯಿಂದ ಹೊಗೆ ವಾಸನೆ ಅಂಗಿಲಿ ಬಂದ್ರೆ ಹೊಣೆಗಾರಿಕೆ ಕಮ್ಮಿ. ಯಾರೂ ಬೇಕಂತ ಮಾಡಿದ್ದಲ್ಲ ರೀ, ಒಳ್ಳೇ ಹುಡುಗ ಹುಡುಗೀರೇ ಅವ್ರು. ಥಾರ್ನ್‌ಡೈಕ್ ಅನ್ನೋ ಮನಶ್ಶಾಸ್ತ್ರಜ್ಞ 1920ರಲ್ಲೇ ಇದನ್ನ ಸೈನ್ಯದ ಅಧಿಕಾರಿಗಳಲ್ಲಿ ಹಿಡಿದಿದ್ದ, ಮೈಕಟ್ಟು ಚೆನ್ನಾಗಿರೋ ಸೈನಿಕನಿಗೆ ಬುದ್ಧಿಗೂ ನಾಯಕತ್ವಕ್ಕೂ ಅವ್ರು ಜಾಸ್ತಿ ಅಂಕ ಕೊಡ್ತಿದ್ರು. ಒಂದು ಗುಣದ ಹೊಳಪು ಉಳಿದೆಲ್ಲದರ ಮೇಲೂ ಬೀಳೋದು. ಹಾಗಾಗಿ ನಿಮ್ಮ ರಿಜಿಸ್ಟರಲ್ಲಿ ಬಿ ಬಂದಿರೋ ಹೆಸರುಗಳನ್ನ ಒಂದ್ಸಲ ಗಣಿತದ ಅಂಕಪಟ್ಟಿ ಪಕ್ಕ ಇಟ್ಟು ನೋಡಿ. ನನ್ನ ಮೇಲೆ ಸಿಟ್ಟು ಬಂದ್ರೂ ಪರವಾಗಿಲ್ಲ.

ಇನ್ನು ಆ 42 ಟಿಕ್. ಮಕ್ಕಳು ಸುಳ್ಳು ಹೇಳಿದ್ರು ಅಂತ ಬೇಜಾರಾಗ್ಬೇಡಿ, ಅವ್ರು ಪ್ರಶ್ನೆನ ಪರೀಕ್ಷೆ ಅಂದ್ಕೊಂಡು ಸರಿ ಉತ್ತರ ಬರೆದ್ರು ಅಷ್ಟೇ. ಹೆಸರು ಬರೆಸಿದ್ರಿ ಅನ್ಸುತ್ತೆ, ಅಲ್ವಾ? ಹೆಸರು ಬರೆಸಿದ ಮೇಲೆ ‘ನೀರು ಪೋಲು ಮಾಡ್ತೀನಿ’ ಅಂತ ಬರೆಯೋಕೆ ಅವಕ್ಕೇನು ಹುಚ್ಚಾ. ಹೇಳೋದೇ ಒಂದು ಮಾಡೋದೇ ಒಂದು ಅನ್ನೋದು ಮಕ್ಕಳಿಗೆ ಮಾತ್ರ ಇರೋ ಕಾಯಿಲೆನೂ ಅಲ್ಲ. ಲಾಪಿಯೆರ್ ಅನ್ನೋರು 1930ರ ಸುಮಾರಿಗೆ ಅಮೆರಿಕಾದಲ್ಲಿ ಒಬ್ಬ ಚೀನೀ ದಂಪತಿ ಜೊತೆ ಊರೂರು ಸುತ್ತಿದ್ರು, ಆಗ ಅಲ್ಲಿ ಚೀನೀಯರ ಬಗ್ಗೆ ಭಾರೀ ದ್ವೇಷ. ಸುಮಾರು 250 ಹೋಟ್ಲು, ಲಾಡ್ಜಲ್ಲಿ ಒಂದೇ ಒಂದು ಕಡೆ ಮಾತ್ರ ಒಳಗೆ ಬಿಡ್ಲಿಲ್ಲ. ಆಮೇಲೆ ಅದೇ ಜಾಗಗಳಿಗೆ ಕಾಗದ ಬರೆದು ‘ಚೀನೀಯರನ್ನ ಸೇರಿಸ್ತೀರಾ’ ಅಂತ ಕೇಳಿದ್ರೆ, ಉತ್ತರ ಕೊಟ್ಟವ್ರಲ್ಲಿ 90% ಗಿಂತ ಜಾಸ್ತಿ ಜನ ‘ಇಲ್ಲ’ ಅಂದ್ರು. ಇದು 1934ರಲ್ಲಿ ಪ್ರಕಟ ಆಯ್ತು. ನಿಮ್ಮ ನಲ್ಲಿ ಕಥೆ ಅದರ ಉಲ್ಟಾ, ಅಷ್ಟೇ ವ್ಯತ್ಯಾಸ.

ಪ್ರಶ್ನಾವಳಿನೇ ಬೇಡ ಅಂತ ಹೇಳ್ತಿಲ್ಲ. ಐದು ಹಂತದ ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ ತನಕ ಇರೋ ಈ ಮಾದರಿ ಲಿಕರ್ಟ್ ಅನ್ನೋ ಮನಶ್ಶಾಸ್ತ್ರಜ್ಞ 1932ರಲ್ಲಿ ಮಾಡಿದ್ದು, ಸರಿಯಾಗಿ ಬಳಸಿದ್ರೆ ಇವತ್ತಿಗೂ ಕೆಲ್ಸಕ್ಕೆ ಬರುತ್ತೆ. ಹೆಸರು ಬೇಡ. ‘ಬೇಕು’ ಅಂತ ಮುಗಿಯೋ ಉಪದೇಶದ ವಾಕ್ಯ ಬೇಡ. ‘ನಲ್ಲಿ ನಿಲ್ಲಿಸೋದು ಕೊನೇಲಿ ಕೈ ತೊಳ್ಯೋರ ಕೆಲ್ಸ, ನಂದಲ್ಲ’, ‘ಮನೇಲಿ ನೀರಿಗೆ ಕಷ್ಟ ಇದ್ದಾಗ ಮಾತ್ರ ಉಳಿಸಿದ್ರೆ ಸಾಕು’ ಈ ಥರ, ಮಗು ನಿಜವಾಗ್ಲೂ ಮನಸ್ಸಲ್ಲಿ ಅಂದ್ಕೊಳ್ಳೋ ಮಾತನ್ನ ಕೊಡಿ. ಕೆಲವು ವಾಕ್ಯ ಉಲ್ಟಾ ಇರ್ಲಿ, ಇಲ್ಲಾಂದ್ರೆ ಓದದೇ ಒಂದೇ ಸಾಲಲ್ಲಿ ಟಿಕ್ ಎಳೀತಾರೆ. ಬಂದ ಫಲಿತಾಂಶ ಇಡೀ ಕ್ಲಾಸಿಂದು, ಯಾವ ಒಂದು ಮಗುವಿಂದೂ ಅಲ್ಲ, ಇದು ಮರೀಬೇಡಿ.

ನಲ್ಲಿ ಅಂದಾಗ ಒಂದು ನೆನಪಾಯ್ತು, ಇದು ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ. ದಾವಣಗೆರೆ ಹತ್ರದ ಒಂದು ಹಳ್ಳಿ ಶಾಲೇಲಿ ನಮ್ಮ ಬಿಎಡ್ ಹುಡುಗಿ ಒಬ್ಬಳು ಇದೇ ನೀರಿನ ಮೌಲ್ಯನ ಪ್ರಾಜೆಕ್ಟ್ ತಗೊಂಡಿದ್ಲು. ಪ್ರಶ್ನಾವಳಿ ಬೇಡ, ಐದು ದಿನ ಬಿಸಿಯೂಟ ಆದ್ಮೇಲೆ ಎಷ್ಟು ನಲ್ಲಿ ಬಿಟ್ಟಿರ್ತಾರೆ ಬರೀ ಎಣಿಸು, ಯಾರು ಬಿಟ್ರು ಅಂತ ಬರೀಬೇಡ ಅಂದೆ. ಎಣಿಸಿದ್ಲು. ದಿನಾ ಎರಡೋ ಮೂರೋ, ಆದ್ರೆ ದಿನಾ ಅವೇ ನಲ್ಲಿಗಳು! ಹೋಗಿ ತಿರುಗಿಸಿ ನೋಡಿದ್ರೆ ವಾಷರ್ ಹೋಗಿ ಅವು ಎಷ್ಟು ಬಿಗಿ ಅಂದ್ರೆ ದೊಡ್ಡೋರ ಎರಡು ಕೈ ಬೇಕು. ಮಕ್ಕಳದ್ದು ಒಂದು ಕೈಲಿ ತಟ್ಟೆ, ಇನ್ನೊಂದು ಒದ್ದೆ ಕೈ, ಹಿಂದೆ ಲೈನಲ್ಲಿ ನಿಂತೋರು ನೂಕ್ತಾ ಇರ್ತಾರೆ. ಎರಡು ವಾಷರ್ ಹಾಕಿಸಿದ್ಮೇಲೆ ಪೋಲಾಗೋದು ಮುಕ್ಕಾಲು ಪಾಲು ನಿಂತ್ಹೋಯ್ತು. ಉಳಿದ ಕಾಲು ಪಾಲು ಇತ್ತಲ್ಲ, ಅಲ್ಲಿಂದ ಶುರು ನಿಜವಾದ ಮೌಲ್ಯ ಶಿಕ್ಷಣ. ನಿಮ್ಮ ಜಗಳೂರು ಕಡೆ ಮಕ್ಕಳಿಗೆ ನೀರಿನ ಬೆಲೆ ಗೊತ್ತಿಲ್ಲ ಅಂತ ಯಾರು ಹೇಳ್ತಾರೆ ಮೇಡಂ, ಮನೇಲಿ ಕೊಡ ಹೊತ್ತು ತರೋರು ಅವ್ರೇ, ಮನೇಲಿ ಒಂದು ಚೊಂಬು ಚೆಲ್ಲಿದ್ರೆ ಅಮ್ಮನ ಕೈಲಿ ಬೈಸ್ಕೊಳ್ಳೋರೂ ಅವ್ರೇ. ಮನೆ ಕೊಡ ‘ನಮ್ಮದು’, ಶಾಲೆ ನಲ್ಲಿ ‘ಯಾರದ್ದೋ’. ಈ ವ್ಯತ್ಯಾಸ ಯಾಕೆ ಅಂತ ಅವರನ್ನೇ ಕೇಳಿ, ಒಳ್ಳೇ ಚರ್ಚೆ ಆಗುತ್ತೆ.

ಹಾಗಾದ್ರೆ ಮನಸ್ಸಿನ ಒಳಗಿರೋದು ನೋಡೋಕೆ ದಾರಿನೇ ಇಲ್ವಾ? ಇದೆ, ಆದ್ರೆ ‘ಸರಿನಾ ತಪ್ಪಾ’ ಅಂತ ಕೇಳಿದ್ರೆ ಸಿಗಲ್ಲ, ‘ಯಾಕೆ’ ಅಂತ ಕೇಳಿದ್ರೆ ಸಿಗುತ್ತೆ. ಮಕ್ಕಳ ಬದುಕಿಂದಲೇ ಒಂದು ಪೇಚಿನ ಪ್ರಸಂಗ ಕೊಡಿ. ನಾನು ಕೊಡ್ತಿದ್ದು ಇದು: ‘ಮಿರ್ಚಿ ಮಂಡಕ್ಕಿ ಅಂಗಡಿಲಿ ನೀನು 50 ರೂಪಾಯಿ ಕೊಟ್ಟೆ, ಗಡಿಬಿಡಿಲಿ ಅಂಗಡಿಯವ್ರು 100 ಅಂದ್ಕೊಂಡು ಚಿಲ್ಲರೆ ಕೊಟ್ರು. ಜೊತೆಗಿದ್ದ ಗೆಳೆಯ ನಡಿ ನಡಿ ಅಂತಾನೆ. ಏನ್ ಮಾಡ್ತೀಯಾ, ಯಾಕೆ? ನಾಲ್ಕು ಸಾಲು.’ ವಾಪಸ್ ಕೊಡ್ತೀನಿ ಅಂತ ಹೆಚ್ಚುಕಮ್ಮಿ ಎಲ್ರೂ ಬರೀತಾರೆ, ಅದನ್ನ ಓದೋಕೇ ಹೋಗ್ಬೇಡಿ. ಕಾರಣ ಓದಿ. ‘ಗೊತ್ತಾದ್ರೆ ಹೊಡೀತಾರೆ’, ‘ಆ ಅಜ್ಜಿ ನಮ್ ಓಣಿಯವ್ರು’, ‘ರಾತ್ರಿ ಲೆಕ್ಕ ಹಾಕುವಾಗ ಅವರಿಗೆ ಕಮ್ಮಿ ಬರುತ್ತೆ’, ‘ನಮ್ ಅಪ್ಪಂದೂ ತರಕಾರಿ ಗಾಡಿ ಐತೆ’. ನಾಲ್ಕೂ ವಾಪಸ್ ಕೊಡೋ ಮಕ್ಕಳೇ, ನಾಲ್ಕೂ ಬೇರೆ ಬೇರೆ ಜಾಗದಲ್ಲಿ ನಿಂತಿವೆ. ಒಬ್ಬ ಹುಡುಗ ಒಂದ್ಸಲ ‘ದೊಡ್ಡ ಅಂಗಡಿ ಆದ್ರೆ ಕೊಡಲ್ಲ ಸರ್, ಅವರ ಹತ್ರ ಬೇಕಾದಷ್ಟು ಐತೆ’ ಅಂತ ಬರೆದಿದ್ದ. ಅವನಿಗೆ ಸಿ ಹಾಕ್ಬೇಕಾ? ನಾನು ಅವತ್ತಿನ ಪಾಠನೇ ಬಿಟ್ಟು ಇದನ್ನೇ ಬೋರ್ಡ್ ಮೇಲೆ ಬರೆದೆ, ಹೆಸರು ಹೇಳ್ದೆ. ಒಂದು ಪೀರಿಯಡ್ ಸಾಕಾಗ್ಲಿಲ್ಲ. ನಿಜ ಬರೆದ ಮಗುಗೆ ಕಮ್ಮಿ ಗ್ರೇಡ್ ಕೊಟ್ರೆ ಮುಂದಿನ ಸಲ ಅದು ನಿಜ ಬರಿಯೋದು ಬಿಡುತ್ತೆ, ನೀವು ಅಳೆಯೋಕೆ ಹೋದ ವಸ್ತುನೇ ಕೊಂದು ಹಾಕಿದ ಹಾಗೆ.

ಸಹಕಾರ, ಸಮಾನತೆ ನೋಡೋಕೆ ಮೊರೆನೊ ಅನ್ನೋರು 1930ರ ದಶಕದಲ್ಲಿ ಮಾಡಿದ ಒಂದು ವಿಧಾನ ಇದೆ, ಪ್ರತಿ ಮಗುಗೂ ಚೀಟಿ ಕೊಟ್ಟು ‘ಪ್ರಾಜೆಕ್ಟ್ ಮಾಡೋಕೆ ಯಾರ ಜೊತೆ ಇಷ್ಟ, ಮೂರು ಹೆಸರು ಬರಿ’ ಅನ್ನೋದು. ಹೆಸರುಗಳನ್ನ ಒಂದು ಹಾಳೆ ಮೇಲೆ ಬರೆದು ಬಾಣ ಎಳೆದ್ರೆ ಯಾರ ಕಡೆ ಒಂದೂ ಬಾಣ ಇಲ್ಲ ಅಂತ ಕಾಣ್ಸುತ್ತೆ. ನಮ್ಮ ಕಡೆ ಹಳ್ಳಿಗಳಲ್ಲಿ ಬಾಣಗಳು ಒಂದೊಂದ್ಸಲ ಕೇರಿ ಪ್ರಕಾರನೇ ಹೋಗ್ತವೆ, ಇದನ್ನ ಮುಚ್ಚಿಟ್ಟು ಮಾತಾಡಿ ಪ್ರಯೋಜನ ಇಲ್ಲ. ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರ್ತಾರೆ ಅಂತ ಒಂದು ವಾರ ಸುಮ್ನೆ ನೋಡಿದ್ರೂ ಅದೇ ಗೊತ್ತಾಗುತ್ತೆ. ಆದ್ರೆ ಎರಡು ಎಚ್ಚರಿಕೆ. ‘ಯಾರು ಬೇಡ’ ಅಂತ ಯಾವತ್ತೂ ಬರೆಸ್ಬೇಡಿ. ಆ ಹಾಳೆ ಸ್ಟಾಫ್ ರೂಮ್ ಟೇಬಲ್ ಮೇಲೆ ಬಿಡ್ಬೇಡಿ, ಒಂದು ಮಗು ಕೈಗೆ ಸಿಕ್ರೆ ಸಂಜೆ ಒಳಗೆ ಊರಿಗೆಲ್ಲ ಗೊತ್ತು. ಗುಂಪು ಮಾಡುವಾಗ ನೀವೇ ಬೆರೆಸಿ, ಎರಡು ತಿಂಗಳು ಬಿಟ್ಟು ಮತ್ತೆ ಚೀಟಿ ಬರೆಸಿ, ಬಾಣ ಬದಲಾಗಿದ್ರೆ ಅದು ಮಕ್ಕಳ ಗ್ರೇಡ್ ಅಲ್ಲ, ನಿಮ್ಮ ಗ್ರೇಡು.

ಯಾವ ಮೌಲ್ಯ, ಯಾರ ಮೌಲ್ಯ ಅಂತ ಪೋಷಕರು ಕೇಳಿದ್ರೆ ಕಾನೂನಲ್ಲೇ ಉತ್ತರ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009, 29ನೇ ಸೆಕ್ಷನ್. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿ ಇರ್ಬೇಕು ಅನ್ನುತ್ತೆ, ನಮ್ಮ ನಿಮ್ಮ ಮನೆ ಮೌಲ್ಯ ಅಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅನ್ನೋ ಮಾತೂ ಅದೇ ಸೆಕ್ಷನ್ನಲ್ಲಿದೆ, ಆದ್ರೆ ಗಮನಿಸಿ, ಅಲ್ಲಿ ಮೌಲ್ಯಮಾಪನ ಮಾಡಿ ಅಂದಿರೋದು ಮಗುವಿನ ತಿಳುವಳಿಕೆ ಮತ್ತು ಅದನ್ನ ಬಳಸೋ ಸಾಮರ್ಥ್ಯನ. ಮಗು ಎಷ್ಟು ಪ್ರಾಮಾಣಿಕ ಅಂತ ತೂಗಿ ಅಂತ ಆ ಸಾಲಲ್ಲಿಲ್ಲ. ನಮೂನೆಗಳು ಆಮೇಲೆ ಬಂದ್ವು. ಹಾಗಂತ ನಮೂನೆ ತುಂಬದೇ ಇರೋಕಾಗಲ್ಲ, ಸಿಆರ್‌ಪಿ (ಶಾಲೆಗಳನ್ನ ನೋಡೋಕೆ ಬರೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಸೆಕ್ಷನ್ ಓದಿ ಹೇಳಿದ್ರೆ ಅವ್ರು ಪಾಪ ಏನ್ ಮಾಡ್ತಾರೆ.

ಸರಿ, ನಮೂನೆಗೆ ಏನು ಬರೆಯೋದು. ಎಲ್ರಿಗೂ ಎ ಹಾಕಿದ್ರೆ ಯಾರೂ ಜಗಳಕ್ಕೆ ಬರಲ್ಲ, ಮಕ್ಕಳಿಗೂ ಗಾಯ ಆಗಲ್ಲ, ಆದ್ರೆ ನಿಜವಾಗ್ಲೂ ಸಹಾಯ ಬೇಕಿರೋ ಮಗು ಆ ಎ ಒಳಗೆ ಮುಳುಗಿ ಹೋಗುತ್ತೆ. ನೀವು ಮಾಡಿದ ಹಾಗೆ ಒಂದು ಘಟನೆ ಮೇಲೆ ಬಿ ಹಾಕಿದ್ರೆ ಮಗುವಿನ ಮೇಲೆ ಮುದ್ರೆ ಬೀಳುತ್ತೆ, ಮುಂದಿನ ಕ್ಲಾಸ್ ಟೀಚರ್ ರಿಜಿಸ್ಟರ್ ತಿರುವಿದಾಗ ‘ಓ ಇವ್ನಾ’ ಅಂತಾರೆ. ನಾನು ಹೇಳೋದು ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು ಅನ್ನೋ ದಾರಿ, ಆದ್ರೆ ಇದಕ್ಕೆ ಮೈಗಳ್ಳತನ ಆಗಲ್ಲ. ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಕೊಳ್ಳಿ, ಮಗುಗೆ ಎರಡು ಪೇಜ್. ದಿನಕ್ಕೆ ಮೂರೇ ಮಕ್ಕಳನ್ನ ಗಮನಿಸಿ, 42 ಮಕ್ಕಳು 14 ಶಾಲಾ ದಿನದಲ್ಲಿ ಒಂದು ಸುತ್ತು ಮುಗೀತವೆ. ಬರೆಯೋದು ಒಂದೇ ಸಾಲು, ತಾರೀಖು ಹಾಕಿ, ಕಣ್ಣಿಗೆ ಕಂಡದ್ದು ಮಾತ್ರ. ‘ಸ್ವಾರ್ಥಿ’ ಅಂತ ಬರೀಬೇಡಿ, ‘ಗುಂಪಲ್ಲಿ ಮಾಪಕ ಬೇರೆಯವರಿಗೆ ಕೊಡ್ಲಿಲ್ಲ, ಕೇಳಿದ್ಮೇಲೆ ಕೊಟ್ಟ’ ಅಂತ ಬರೀರಿ. ವರ್ಷದ ಕೊನೇಲಿ ಆ ಸಾಲುಗಳನ್ನ ಓದಿ ಗ್ರೇಡ್ ಹಾಕಿ, ಸಂಶಯ ಬಂದ್ರೆ ಮಗುವಿನ ಕಡೆಗೇ ವಾಲಿ. ಮತ್ತು ಬಿ ಹಾಕ್ಲೇಬೇಕು ಅನ್ಸಿದ್ರೆ ಬೇರೆ ಬೇರೆ ಸಂದರ್ಭದ ಮೂರು ಸಾಲಾದ್ರೂ ಇರ್ಬೇಕು ಅಂತ ನಿಮಗೆ ನೀವೇ ಕಾನೂನು ಮಾಡ್ಕೊಳ್ಳಿ. ಇದ್ರಲ್ಲೂ ರಿಸ್ಕ್ ಇದೆ, ಎರಡು ವಾರ ಬರೆದು ಬಿಟ್ಬಿಡ್ತೀರಿ. ನಾನೂ ಬಿಟ್ಟಿದ್ದೆ, ಎರಡು ಸಲ.

ಈಗ ಆ ಹುಡುಗ. ಅವನು ಕಾಪಿ ಹೊಡೆದಿದ್ದು ಯಾವ ಲೆಕ್ಕ ಅಂತ ನೀವು ಬರೆದಿಲ್ಲ, ನಂಗೆ ಅದೇ ಮುಖ್ಯ ಅನ್ಸುತ್ತೆ. ಏಳನೇ ಕ್ಲಾಸಲ್ಲಿ ಭಿನ್ನರಾಶಿ, ದಶಮಾಂಶ ಬಂದಾಗ ಎಷ್ಟೋ ಮಕ್ಕಳ ಕೈ ನಿಂತ್ಹೋಗುತ್ತೆ. 1/2 ಕ್ಕೆ 1/3 ಕೂಡಿಸು ಅಂದ್ರೆ 2/5 ಬರೆಯೋ ಮಗು ಸೋಮಾರಿ ಅಲ್ಲ, ಮೇಲಿಂದು ಮೇಲೆ ಕೂಡಿಸಿ ಕೆಳಗಿಂದು ಕೆಳಗೆ ಕೂಡಿಸಿದೆ, ಅದರ ಲೆಕ್ಕಕ್ಕೆ ಅದು ಸರಿ. 0.8 ಕ್ಕಿಂತ 0.35 ದೊಡ್ಡದು ಅನ್ನೋ ಮಗುಗೆ 35 ಎಂಟಕ್ಕಿಂತ ದೊಡ್ಡದಾಗಿ ಕಾಣ್ತಿದೆ. ಇಂಥ ಮಗು ತಪ್ಪು ತಪ್ಪು ತಪ್ಪು ಅಂತ ಕೆಂಪು ಇಂಕ್ ನೋಡಿ ನೋಡಿ ಪಕ್ಕದವನ ಹಾಳೆ ಕಡೆ ಕಣ್ಣು ಹಾಯಿಸುತ್ತೆ. ನಾವು ಅದನ್ನ ಪ್ರಾಮಾಣಿಕತೆ ಕಾಲಂಗೆ ಬರೀತೀವಿ. ‘ಆಸಕ್ತಿ ಇಲ್ಲ’ ಅಂತ ಬರೆದಿರೋ ಎಷ್ಟೋ ರಿಮಾರ್ಕು ‘ಅರ್ಥ ಆಗಿಲ್ಲ’ ಅಂತ ಇರ್ಬೇಕಿತ್ತು.

ಇದನ್ನ ಮೊದಲೇ ಹಿಡಿಯೋಕೆ ಕ್ಲಾಸ್ ಮುಗಿಯೋ ಮುಂಚೆ ಮೂರು ನಿಮಿಷ ಸಾಕು. ಅರ್ಧ ಹಾಳೆ ಚೀಟಿ, ಹೆಸರು ಬೇಡ, ‘ಇವತ್ತು ಎಲ್ಲಿ ತನಕ ಗೊತ್ತಾಯ್ತು, ಯಾವ ಹೆಜ್ಜೇಲಿ ತಲೆ ಕೆಟ್ಟು ಹೋಯ್ತು’ ಅಂತ ಬರೆಸಿ. ಮೊದಲ ವಾರ ‘ಎಲ್ಲಾ ಅರ್ಥ ಆಯ್ತು ಮಿಸ್’ ಅಂತಾನೇ ಬರೀತಾರೆ. ನೀವು ಒಂದು ಚೀಟಿ ತಗೊಂಡು ಮಾರನೇ ದಿನ ‘ಯಾರೋ ಒಳ್ಳೇ ಡೌಟು ಕೇಳಿದಾರೆ’ ಅಂತ ಅಲ್ಲಿಂದಲೇ ಪಾಠ ಶುರು ಮಾಡಿ ನೋಡಿ, ಎರಡನೇ ವಾರದಿಂದ ಚೀಟಿ ಬಣ್ಣ ಬದಲಾಗುತ್ತೆ. ಇನ್ನೊಂದು, ನೋಟ್ಸ್ ತಿದ್ದುವಾಗ ಸ್ವಲ್ಪ ದಿನ ಅಂಕ ಹಾಕ್ದೆ ಬರೀ ಮಾತು ಬರೀರಿ. ರೂತ್ ಬಟ್ಲರ್ ಅನ್ನೋರ 1988ರ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಸುಧಾರಿಸಿದ್ರು, ಅಂಕ ಮತ್ತು ಟಿಪ್ಪಣಿ ಎರಡೂ ಸಿಕ್ಕವ್ರು ಸುಧಾರಿಸ್ಲಿಲ್ಲ. ಅಂಕ ಕಂಡ ಕೂಡ್ಲೇ ಮಗು ಪಕ್ಕದವನದ್ದು ಎಷ್ಟು ಅಂತ ನೋಡುತ್ತೆ, ನಿಮ್ಮ ಮಾತು ಅಲ್ಲೇ ಉಳಿಯುತ್ತೆ.

ಆ ಹುಡುಗನ್ನ ನಾಳೆನೋ ನಾಡಿದ್ದೋ ಊಟದ ಬಿಡುವಲ್ಲಿ ಕರೀರಿ, ಕಾಪಿ ಬಗ್ಗೆ ಒಂದು ಮಾತೂ ಎತ್ತಬೇಡಿ. ಐದು ಲೆಕ್ಕ ಒಂದು ಹಾಳೇಲಿ ಬರೆದು ಕೊಡಿ, ಸುಲಭದ್ದರಿಂದ ಕಷ್ಟದ್ದಕ್ಕೆ. ಬಿಡಿಸೋ ಮುಂಚೆ ಪ್ರತಿ ಲೆಕ್ಕದ ಪಕ್ಕ ‘ಬರುತ್ತೆ’, ‘ಡೌಟು’, ‘ಬರಲ್ಲ’ ಮೂರರಲ್ಲಿ ಒಂದು ಬರೆಸಿ. ಆಮೇಲೆ ಬಿಡಿಸೋಕೆ ಹೇಳಿ, ನೀವು ದೂರ ಕೂತ್ಕೊಳ್ಳಿ. ‘ಬರಲ್ಲ’ ಅಂತ ಬರೆದದ್ದು ಬಂದಿದ್ರೆ ಅವನಿಗೆ ಧೈರ್ಯ ಕಮ್ಮಿ. ‘ಬರುತ್ತೆ’ ಅಂದಿದ್ದು ಬರದೇ ಇದ್ರೆ ತಪ್ಪು ಕಲ್ತಿದಾನೆ, ಅವನಿಗೇ ಗೊತ್ತಿಲ್ಲ. ಎರಡಕ್ಕೂ ಔಷಧಿ ಬೇರೆ. ‘ಬರಲ್ಲ’ ಅಂದಿದ್ದು ನಿಜಕ್ಕೂ ಬರದೇ ಇದ್ರೆ, ಗಮನಿಸಿದ್ರಾ ಮೇಡಂ, ಅವನು ನಿಮಗೆ ನಿಜ ಹೇಳಿದಾನೆ. ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರ್ಕೊಳ್ಳಿ.

ಅವರಪ್ಪನಿಗೆ ಹೇಳಿ ಕಳ್ಸಿ, ಸ್ಟಾಫ್ ರೂಮ್ ಬೇಡ, ಸಂಜೆ ಶಾಲೆ ಬಿಟ್ಮೇಲೆ ಕ್ಲಾಸ್ ರೂಮಲ್ಲಿ ಕೂರ್ಸಿ. ‘ಅಣ್ಣಾರೆ, ಒಂದು ದಿನದ್ದು ನೋಡಿ ಬರೆದಿದ್ದೆ, ಅದು ನಂದೇ ತಪ್ಪು, ತಿದ್ದಿದೀನಿ’ ಅಂತ ಮೊದಲು ಹೇಳಿ, ಆಮೇಲೆ ಈ ಐದು ಲೆಕ್ಕದ ಹಾಳೆ ಮುಂದಿಡಿ. ಹುಡುಗ ಎಲ್ಲಿ ತನಕ ಬಂದಿದಾನೆ, ಎಲ್ಲಿ ಸಿಕ್ಕಾಕ್ಕೊಂಡಿದಾನೆ ಅಂತ ಬೆರಳಿಟ್ಟು ತೋರ್ಸಿ. ಟೆಸ್ಟಲ್ಲಿ ನೋಡಿ ಬರೆದಿದ್ದು ಅವರಾಗೇ ಕೇಳಿದ್ರೆ ಮುಚ್ಚಿಡ್ಬೇಡಿ, ನಡೆದಿದ್ದು ನಡೆದ ಹಾಗೆ ಹೇಳಿ. ಕೇಳ್ಲಿಲ್ಲ ಅಂದ್ರೆ ಅವತ್ತು ಬರೀ ಭಿನ್ನರಾಶಿ ಮಾತಾಡಿ ಕಳ್ಸಿ.